ಸುಟ್ಟ ಗೋದಾಮಿನಲ್ಲಿ ಚೀಲ ಎಣಿಸುವ ಕೆಲಸ: ವಿಮಾ ಸರ್ವೇಯರ್ ವೃತ್ತಿ ಕುರಿತು ಓದುಗರ ಪ್ರಶ್ನೆಗಳು

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಮಾ ಸರ್ವೇಯರ್ ವೃತ್ತಿಯನ್ನು ಕುರಿತವು. ಬೆಂಕಿ, ಅಪಘಾತ, ನೆರೆಯಿಂದಾದ ಹಾನಿಯನ್ನು ಸ್ಥಳಕ್ಕೇ ಹೋಗಿ ನೋಡಿ, ನಷ್ಟ ಎಷ್ಟು, ಪಾಲಿಸಿಯ ಪ್ರಕಾರ ಅದರಲ್ಲಿ ಸಲ್ಲಬೇಕಾದದ್ದು ಎಷ್ಟು ಎಂದು ವರದಿ ಕೊಡುವ ಸ್ವತಂತ್ರ ವೃತ್ತಿಗಾರರು ಇವರು. ಕಾನೂನಿನಲ್ಲಿ ಇವರ ಪೂರ್ತಿ ಹೆಸರು ಸರ್ವೇಯರ್ ಮತ್ತು ಲಾಸ್ ಅಸೆಸರ್. ಜಮೀನು ಅಳೆಯುವ ಸರ್ವೇಯರ್‌ಗೂ ಇವರಿಗೂ ಸಂಬಂಧವಿಲ್ಲ; ಆದರೂ ನನ್ನ ಕಚೇರಿಯ ಬೋರ್ಡು ನೋಡಿ ತಿಂಗಳಿಗೊಬ್ಬರಾದರೂ ಪಹಣಿ ಹಿಡಿದುಕೊಂಡು ಪೋಡಿ ಮಾಡಿಸಲು ಬರುತ್ತಾರೆ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ವರ್ಷಗಳಿಂದ ಕಾರು ಡೀಲರೊಬ್ಬರ ಬಾಡಿ ಶಾಪಿನಲ್ಲಿ ಎಸ್ಟಿಮೇಟ್ ಬರೆಯುವ ಕೆಲಸದಲ್ಲಿದ್ದೇನೆ. ದಿನವೂ ಸರ್ವೇಯರ್‌ಗಳ ಜೊತೆ ಒಡನಾಟವಿದೆ. ನಾನೂ ಸ್ವತಂತ್ರವಾಗಿ ಸರ್ವೇಯರ್ ಆಗಬಹುದೇ? ಕೆಲಸದಲ್ಲಿದ್ದುಕೊಂಡೇ ಶುರು ಮಾಡಬಹುದೇ?
— ಎಂ. ಎಸ್., ದಾವಣಗೆರೆ

ಉತ್ತರ: ಆಗಬಹುದು. ಎಂಜಿನಿಯರಿಂಗ್ ಪದವಿ ಅಥವಾ ಡಿಪ್ಲೊಮಾ ಪಡೆದವರಿಗೆ, ಲೆಕ್ಕಪರಿಶೋಧಕರಿಗೆ, ವಿಮಾ ಶಾಸ್ತ್ರದ ನಿಗದಿತ ಪರೀಕ್ಷೆ ಪಾಸಾದವರಿಗೆ ಈ ದಾರಿ ತೆರೆದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐಯ 2015ರ ನಿಯಮಾವಳಿಯಂತೆ ಮೊದಲು ತರಬೇತಿ ಸರ್ವೇಯರ್ ಎಂದು ಹೆಸರು ನೋಂದಾಯಿಸಿ, ಹಿರಿಯ ಸರ್ವೇಯರ್ ಒಬ್ಬರ ಕೈಕೆಳಗೆ 12 ತಿಂಗಳು ಪಳಗಬೇಕು. ಮುಂಬೈಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಸರ್ವೇಯರ್ ಪರೀಕ್ಷೆ ಪಾಸಾಗಬೇಕು. ಹೈದರಾಬಾದಿನಲ್ಲಿರುವ ಸರ್ವೇಯರ್‌ಗಳ ಸಂಸ್ಥೆ ಐಐಐಎಸ್‌ಎಲ್‌ಎಯ ಸದಸ್ಯತ್ವ ಪಡೆಯಬೇಕು. ಲೈಸೆನ್ಸ್ ಸಿಗುವುದು ವಿಭಾಗವಾರು. ಬೆಂಕಿ, ಮೋಟಾರು, ಎಂಜಿನಿಯರಿಂಗ್, ಸಾಗಣೆ ಸರಕು, ಹಡಗು, ಲಾಭನಷ್ಟ (ಕೆಲಸ ನಿಂತು ತಪ್ಪಿಹೋದ ಲಾಭ), ಬೆಳೆ ಹೀಗೆ ಇರುವ ವಿಭಾಗಗಳಲ್ಲಿ ನಿಮ್ಮ ವಿದ್ಯಾರ್ಹತೆಗೆ ಹೊಂದುವಂಥವು ಮಾತ್ರ ನಿಮಗೆ ದಕ್ಕುತ್ತವೆ.

ಎಂಟು ವರ್ಷಗಳ ಬಾಡಿ ಶಾಪ್ ಅನುಭವ ದೊಡ್ಡ ಬಂಡವಾಳವೇ ಸರಿ. ಆದರೆ ಎಸ್ಟಿಮೇಟ್ ಬರೆಯುವ ಕೈ ಬೇರೆ, ಅದನ್ನು ಓದುವ ಕಣ್ಣು ಬೇರೆ. ಇದುವರೆಗೆ ನೀವು ಯಾವ ಭಾಗ ಬದಲಾಯಿಸಬೇಕು ಎಂದು ನೋಡಿದ್ದೀರಿ. ಇನ್ನು ಮುಂದೆ ಆ ಭಾಗ ಮುರಿದದ್ದು ಈ ಅಪಘಾತದಲ್ಲಿಯೇ, ಅದು ಬಡಿದು ನೆಟ್ಟಗಾಗುವಂಥದ್ದೇ, ಹೊಸದು ಹಾಕಿದರೆ ಸವಕಳಿ ಎಷ್ಟು ಕಳೆಯಬೇಕು ಎಂದು ನೋಡಬೇಕಾಗುತ್ತದೆ. ಬಂಪರಿನಂಥ ಪ್ಲಾಸ್ಟಿಕ್ ಭಾಗಕ್ಕೆ, ಟೈರಿಗೆ, ಬ್ಯಾಟರಿಗೆ ಶೇ. 50, ಫೈಬರ್ ಭಾಗಕ್ಕೆ ಶೇ. 30, ಗಾಜಿಗೆ ಏನೂ ಇಲ್ಲ, ಲೋಹದ ಭಾಗಕ್ಕೆ ವಾಹನದ ವಯಸ್ಸಿನಂತೆ ಎಂಬ ಪಟ್ಟಿಯನ್ನು ಯಾರಾದರೂ ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಬಹುದು. ಕಾರಣ ಹುಡುಕುವ ಕಣ್ಣು ಬರುವುದಕ್ಕೆ ವರ್ಷಗಳು ಬೇಕು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಮತ್ತು ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಗೆ ನೀರು ನುಗ್ಗಿ, ನೆಲಮಾಳಿಗೆಗಳಲ್ಲಿ ನಿಲ್ಲಿಸಿದ್ದ ಕಾರುಗಳು ಮುಳುಗಿದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ನಿಂತ ಕಾರಿನೊಳಗೆ ನೀರು ಹೊಕ್ಕು ಸೀಟು, ವೈರಿಂಗು ಹಾಳಾದರೆ ಅದು ನೆರೆಯ ನಷ್ಟ. ನೀರು ಇಳಿದ ಮೇಲೆ ಮಾಲೀಕರು ಸುಮ್ಮನಿರದೆ ಕೀಲಿ ತಿರುಗಿಸಿ, ಏರ್ ಫಿಲ್ಟರ್ ಮೂಲಕ ಒಳಸೇರಿದ್ದ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡು ಬಾಗಿದರೆ, ಎಂಜಿನ್ನಿನ ಆ ಹಾನಿಯನ್ನು ನೆರೆಯ ಲೆಕ್ಕಕ್ಕೆ ಸೇರಿಸಲು ಕಂಪನಿ ಒಪ್ಪುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದರೆ ಆ ಮಾತು ಬೇರೆ. ಎರಡೂ ಕಾರುಗಳು ಟೋಯಿಂಗ್ ವಾಹನದ ಮೇಲೆ ಬಂದು ನಿಲ್ಲುವಾಗ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಬಿಡಿಸಿ ನೋಡಿ ಹೇಳುವವರೇ ಸರ್ವೇಯರ್.

ಇನ್ನು, ಕೆಲಸದಲ್ಲಿದ್ದುಕೊಂಡೇ ಶುರು ಮಾಡುವ ಯೋಚನೆಯನ್ನು ಕೈಬಿಡಿ. ಬೆಳಿಗ್ಗೆ ಎಸ್ಟಿಮೇಟ್ ಬರೆದವರೇ ಸಂಜೆ ಅದನ್ನು ಪರಿಶೀಲಿಸಿದರು ಎಂಬ ಮಾತು ಒಮ್ಮೆ ಹುಟ್ಟಿಕೊಂಡರೆ ಮುಂದೆ ನಿಮ್ಮ ಯಾವ ವರದಿಗೂ ಬೆಲೆ ಇರುವುದಿಲ್ಲ.

ಪ್ರಶ್ನೆ: ಲೈಸೆನ್ಸ್ ಪಡೆದು ಎರಡು ವರ್ಷವಾಯಿತು. ಬೆಂಕಿ ಮತ್ತು ಎಂಜಿನಿಯರಿಂಗ್ ವಿಭಾಗಗಳಿವೆ. ಆದರೆ ಕಂಪನಿಗಳು ಸಣ್ಣಪುಟ್ಟ ಜಾಬುಗಳನ್ನು ಬಿಟ್ಟು ಬೇರೇನೂ ಕೊಡುತ್ತಿಲ್ಲ. ನನ್ನ ನಂತರ ಬಂದ ಒಬ್ಬರಿಗೆ ದೊಡ್ಡ ಕೆಲಸಗಳು ಸಿಗುತ್ತಿವೆ. ಈ ವೃತ್ತಿಯಲ್ಲಿ ಮೇಲೆ ಬರಲು ನಿಜವಾಗಿ ಏನು ಬೇಕು ಸರ್? ಸಂಪರ್ಕವೇ?
— ವಿ. ಬಿ., ಹುಬ್ಬಳ್ಳಿ

ಉತ್ತರ: ಸಂಪರ್ಕದಿಂದ ಮೊದಲ ಹತ್ತು ಜಾಬುಗಳು ಸಿಗಬಹುದು. ಹನ್ನೊಂದನೆಯದು ಬರುವುದು ವರದಿಯಿಂದ. ಕಂಪನಿಯ ಕ್ಲೇಮು ವಿಭಾಗದಲ್ಲಿ ಕುಳಿತವರಿಗೆ ದಿನ ಮುಗಿಯುವುದರೊಳಗೆ ಕಡತ ಮುಗಿಯಬೇಕು. ನಿಮ್ಮ ವರದಿ ಓದಿ ಅವರು ಫೋನೆತ್ತಿ ಮೂರು ಪ್ರಶ್ನೆ ಕೇಳಬೇಕಾಗಿ ಬಂದರೆ ನಾಲ್ಕನೆಯ ಸಲ ಬೇರೆಯವರಿಗೆ ಫೋನು ಮಾಡುತ್ತಾರೆ. ನಾನು ಕಂಡಂತೆ ಇಲ್ಲಿ ಮುಂದೆ ಬಂದವರೆಲ್ಲ ಎರಡು ಕೆಲಸಗಳಲ್ಲಿ ಗಟ್ಟಿ: ಮೊದಲ ಭೇಟಿಯನ್ನು ತಡಮಾಡುವುದಿಲ್ಲ, ಕಡಿತ ಮಾಡಿದ ಪ್ರತಿ ರೂಪಾಯಿಗೂ ಕಾರಣ ಬರೆಯುತ್ತಾರೆ.

ಮೊದಲ ಭೇಟಿಯ ವಿಷಯದಲ್ಲಿ ನನ್ನ ತಪ್ಪನ್ನೇ ಹೇಳುತ್ತೇನೆ. ವೃತ್ತಿಗೆ ಬಂದ ಎರಡನೆಯ ವರ್ಷ, ಒಂದು ಬಟ್ಟೆ ಅಂಗಡಿಗೆ ಬೆಂಕಿ ಬಿದ್ದ ಜಾಬು ಬಂತು. ಮನೆಯಲ್ಲಿ ಶುಭಕಾರ್ಯವಿದ್ದದ್ದರಿಂದ ಮೂರನೆಯ ದಿನ ಹೋದೆ. ಅಷ್ಟರಲ್ಲಿ ಮಾಲೀಕರು ವಾಸನೆ ತಡೆಯಲಾರದೆ ಅಂಗಡಿಯನ್ನು ತೊಳೆಸಿ, ಬೂದಿಯನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಸಾಗಿಸಿಬಿಟ್ಟಿದ್ದರು. ಎಷ್ಟು ಮಾಲು ಇತ್ತು ಎನ್ನುವುದಕ್ಕೆ ಅವರ ಮಾತು ಬಿಟ್ಟರೆ ನನ್ನ ಬಳಿ ಏನೂ ಉಳಿಯಲಿಲ್ಲ. ಅಂದಾಜಿನ ಮೇಲೆ ಕಡಿತ ಮಾಡಿ ವರದಿ ಕೊಟ್ಟೆ. ಪ್ರಕರಣ ಗ್ರಾಹಕ ಆಯೋಗಕ್ಕೆ ಹೋಯಿತು, ಅಲ್ಲಿ ವಕೀಲರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, "ಈ ಶೇಕಡಾವಾರು ಎಲ್ಲಿಂದ ಬಂತು?" ಉತ್ತರವಿರಲಿಲ್ಲ. ವರದಿ ಬಿದ್ದುಹೋಯಿತು, ಬೀಳಬೇಕಾದದ್ದೇ.

ಅದರ ಎಷ್ಟೋ ವರ್ಷಗಳ ನಂತರ ತಿಪಟೂರು ಸೀಮೆಯ ಕೊಬ್ಬರಿ ಗೋದಾಮೊಂದಕ್ಕೆ ಹೋದಾಗ ಹೆಂಚುಗಳಿಂದ ಇನ್ನೂ ಹೊಗೆ ಏಳುತ್ತಿತ್ತು. ಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ಬೆಂಕಿ ಬೇಗ ಆರುವುದಿಲ್ಲ. ಆದರೆ ಎಂಥ ಬೆಂಕಿಯಲ್ಲೂ ಒತ್ತಾಗಿ ಪೇರಿಸಿದ ಚೀಲಗಳ ಅಡಿಸಾಲು ಗಾಳಿ ಸಿಗದೆ ಅರೆಬೆಂದು ಉಳಿಯುವುದುಂಟು. ಮೇಲಿನ ಬೂದಿಯನ್ನು ಸಲಿಕೆಯಿಂದ ಸರಿಸಿದಾಗ ನೆಲದ ಮೇಲೆ ಉದ್ದಕ್ಕೆ 12, ಅಡ್ಡಕ್ಕೆ 9 ಚೀಲಗಳ ಗುರುತು ಸ್ಪಷ್ಟವಾಗಿ ಕಾಣಿಸಿತು. ಚೀಲಗಳು ಒರಗಿದ್ದ ಗೋಡೆಯ ಮೇಲೆ ಒಂದು ಎತ್ತರದವರೆಗೆ ಮಸಿ ಕಡಿಮೆ, ಅದರ ಮೇಲೆ ಗಾಢ. ಆ ಗೆರೆಯನ್ನು ಅಳೆದರೆ ಎಂಟು ಸಾಲಿನ ಎತ್ತರ. ಅಲ್ಲಿಗೆ 864 ಚೀಲ. ವರ್ತಕರು ಕೇಳಿದ್ದು 1,400 ಚೀಲಗಳ ಹಣ. ಸುತ್ತ ನಿಂತಿದ್ದ ಒಂದಿಬ್ಬರು ಆಗಲೇ ನಗಲು ಶುರು ಮಾಡಿದ್ದರು.

ವರ್ತಕರು ನಗಲಿಲ್ಲ, ಜಗಳಕ್ಕೂ ಬರಲಿಲ್ಲ. "ಹಿತ್ತಲಿಗೆ ಬನ್ನಿ ಸ್ವಾಮಿ" ಎಂದಷ್ಟೇ ಹೇಳಿದರು. ಅಗ್ನಿಶಾಮಕದವರು ಒಳಗೆ ದಾರಿ ಮಾಡಿಕೊಳ್ಳಲು ಶಟರಿನ ಪಕ್ಕದ ಒಟ್ಟಿಲನ್ನು ಜೆಸಿಬಿಯಿಂದ ಎಳೆಸಿ ಹಿಂದಿನ ಹಳ್ಳಕ್ಕೆ ಹಾಕಿಸಿದ್ದರು. ಅದರ ನೆಲಗುರುತು 10ಕ್ಕೆ 6, ಎತ್ತರ ಅದೇ ಎಂಟು ಸಾಲು, ಅಂದರೆ 480. ಹಳ್ಳದಲ್ಲಿ ಬಿದ್ದಿದ್ದ ರಾಶಿಯೂ ಅದಕ್ಕೆ ಹೊಂದುತ್ತಿತ್ತು. ಒಟ್ಟು 1,344 ಚೀಲಗಳಾದವು. ಎಪಿಎಂಸಿಯ ಖರೀದಿ ಲೆಕ್ಕ, ಜಿಎಸ್‌ಟಿ ರಿಟರ್ನು, ತೂಕದ ಚೀಟಿಗಳು, ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟ ದಾಸ್ತಾನು ಪಟ್ಟಿ ಇಷ್ಟನ್ನೂ ತರಿಸಿ ತಾಳೆ ಹಾಕಿದಾಗ ಹೆಚ್ಚು ಕಡಿಮೆ ಅದೇ ಸಂಖ್ಯೆಗೆ ಬಂದು ನಿಂತಿತು. ಈ ಕಾಗದಗಳಲ್ಲಿ ನಾನು ಎಲ್ಲಕ್ಕಿಂತ ಕಡಿಮೆ ನಂಬುವುದು ಬ್ಯಾಂಕಿನ ದಾಸ್ತಾನು ಪಟ್ಟಿಯನ್ನು, ಏಕೆಂದರೆ ದಾಸ್ತಾನಿನ ಆಧಾರದ ಮೇಲೆ ಬ್ಯಾಂಕು ಕೊಡುವ ಸಿಸಿ ಸಾಲದ ಮಿತಿ ಇಳಿಯದಿರಲೆಂದು ಅದರಲ್ಲಿ ಮಾಲು ಸ್ವಲ್ಪ ಉಬ್ಬಿಕೊಂಡಿರುತ್ತದೆ. ತೆರಿಗೆ ಇಲಾಖೆಗೆ ತೋರಿಸುವಾಗ ಅದೇ ಮಾಲು ಬಡಕಲಾಗುತ್ತದೆ. ಒಂದೇ ಗೋದಾಮಿನ ಈ ಎರಡು ಲೆಕ್ಕಗಳ ನಡುವೆ ನಿಜವನ್ನು ಹುಡುಕಿ ತೆಗೆಯುವುದಕ್ಕೆ ನೆಲದ ಮೇಲಿನ ಗುರುತು ಬೇಕು.

ಹಳ್ಳದ ಕಡೆ ಹೋಗದೆ 864ಕ್ಕೇ ವರದಿ ಮುಗಿಸಿದ್ದರೆ ಕಂಪನಿಗೆ ಖುಷಿಯೇ ಆಗುತ್ತಿತ್ತು ಎಂದು ನೀವು ಅಂದುಕೊಳ್ಳಬಹುದು. ಆಗುತ್ತಿರಲಿಲ್ಲ. ಅಂಥ ವರದಿ ಆಯೋಗದಲ್ಲಿ ಬಿದ್ದರೆ ಬಡ್ಡಿ, ಪರಿಹಾರ, ಖರ್ಚು ಎಲ್ಲ ಸೇರಿ ಕಂಪನಿಯ ತಲೆಗೇ ಬರುತ್ತದೆ, ಅದು ಕ್ಲೇಮು ವಿಭಾಗದವರಿಗೆ ಚೆನ್ನಾಗಿ ಗೊತ್ತಿದೆ.

ಕಾರಣ ಬರೆಯುವುದಕ್ಕೆ ಒಂದು ಸರಳ ಉದಾಹರಣೆ ಕೊಡುತ್ತೇನೆ. ಬೆಂಕಿ ಬಿದ್ದ ದಿನ ಗೋದಾಮಿನಲ್ಲಿ 40 ಲಕ್ಷ ರೂಪಾಯಿ ಮಾಲು ಇತ್ತು, ವಿಮೆ ಮಾಡಿಸಿದ್ದು 30 ಲಕ್ಷಕ್ಕೆ, ಸುಟ್ಟದ್ದು 9 ಲಕ್ಷದ ಮಾಲು, ಅರೆಸುಟ್ಟದ್ದನ್ನು ಮಾರಿದರೆ 1 ಲಕ್ಷ ಸಿಗುತ್ತದೆ ಎಂದುಕೊಳ್ಳಿ. ನಿವ್ವಳ ನಷ್ಟ 8 ಲಕ್ಷ. ಆದರೆ ಮಾಲೀಕರು ಮುಕ್ಕಾಲು ಭಾಗಕ್ಕೆ ಮಾತ್ರ ವಿಮೆ ಮಾಡಿಸಿದ್ದರಿಂದ ಸಿಗುವುದೂ ಮುಕ್ಕಾಲು, ಅಂದರೆ 6 ಲಕ್ಷ, ಅದರಲ್ಲಿ ಪಾಲಿಸಿಯ ಎಕ್ಸೆಸ್ (ಕ್ಲೇಮಿನಲ್ಲಿ ಮಾಲೀಕರೇ ಹೊರಬೇಕಾದ ಪಾಲು) ಕಳೆಯಬೇಕು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ. 15ರವರೆಗಿನ ಕಡಿಮೆ ವಿಮೆಗೆ ಮಾಫಿ ಇದೆ. ಇಲ್ಲಿ ಕೊರತೆ ಶೇ. 25 ಇರುವುದರಿಂದ ಅದು ಉಪಯೋಗಕ್ಕೆ ಬರುವುದಿಲ್ಲ. ಈ ಲೆಕ್ಕವನ್ನು "ಅಂಡರ್ ಇನ್ಶೂರೆನ್ಸ್ ಕಾರಣ 2 ಲಕ್ಷ ಕಡಿತ" ಎಂದು ಒಂದು ಸಾಲಿನಲ್ಲಿ ಮುಗಿಸುವವರಿದ್ದಾರೆ. 40 ಲಕ್ಷ ಎಂಬ ಅಂಕಿ ಯಾವ ಕಾಗದದಿಂದ ಬಂತು, ಯಾವ ದಿನದ ಮಾರುಕಟ್ಟೆ ದರ ಹಿಡಿದಿದ್ದೀರಿ, ಉಳಿದ ಮಾಲನ್ನು ಎಣಿಸುವಾಗ ಯಾರು ಜೊತೆಗಿದ್ದು ಸಹಿ ಹಾಕಿದರು ಎಂಬುದನ್ನೆಲ್ಲ ಬರೆದವರ ವರದಿ ಮಾತ್ರ ನಿಲ್ಲುತ್ತದೆ. ನಿಮ್ಮ ನಂತರ ಬಂದವರ ಒಂದು ವರದಿಯನ್ನು ಸಾಧ್ಯವಾದರೆ ಕೇಳಿ ಓದಿ ನೋಡಿ. ಅಸೂಯೆ ಪಡುವುದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಸರ್ವೇಯರ್‌ಗೆ ಕೆಲಸ ಕೊಡುವುದೂ ಕಂಪನಿ, ಫೀಸು ಕೊಡುವುದೂ ಕಂಪನಿ. ಮತ್ತೆ "ಸ್ವತಂತ್ರ" ಎಂದು ಹೇಗೆ ಕರೆಯುತ್ತೀರಿ? ನನ್ನ ಅಂಗಡಿಯ ಕ್ಲೇಮಿನಲ್ಲಿ ಒಬ್ಬರ ವರದಿ ಬಂದ ಮೇಲೆ ಕಂಪನಿ ಇನ್ನೊಬ್ಬರನ್ನು ಕಳಿಸಿತು.
— ಕೆ. ಜಿ., ಚಿತ್ರದುರ್ಗ

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದು. ಕಾನೂನು ಇದಕ್ಕೆ ಕೊಟ್ಟಿರುವ ಉತ್ತರ ಇಷ್ಟು: 1938ರ ವಿಮಾ ಕಾಯಿದೆಯ 64ಯುಎಂ ಕಲಮು ಸರ್ವೇಯರ್‌ಗಳಿಗೆ ಸಂಬಂಧಿಸಿದ್ದು. ಅವರಿಗೆ ಲೈಸೆನ್ಸ್ ಕೊಡುವುದು, ನಡತೆ ಸರಿಯಿಲ್ಲದಿದ್ದರೆ ಕಸಿದುಕೊಳ್ಳುವುದು ಕಂಪನಿಯಲ್ಲ, ಪ್ರಾಧಿಕಾರ. ಮೋಟಾರು ವಿಭಾಗದಲ್ಲಿ 50,000 ರೂಪಾಯಿ, ಉಳಿದ ವಿಭಾಗಗಳಲ್ಲಿ 1 ಲಕ್ಷ ರೂಪಾಯಿ ಮೀರಿದ ನಷ್ಟವಾದರೆ ಲೈಸೆನ್ಸ್ ಇರುವ ಸರ್ವೇಯರ್ ಬೇಕೇ ಬೇಕು. 2024ರ ಸುತ್ತೋಲೆಯಂತೆ ಕ್ಲೇಮು ತಿಳಿಸಿದ 24 ಗಂಟೆಗಳೊಳಗೆ ಅವರನ್ನು ನೇಮಿಸಬೇಕು, 15 ದಿನಗಳಲ್ಲಿ ವರದಿ ಬರಬೇಕು, ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನ ಹೇಳಬೇಕು.

ಎರಡನೆಯ ಸರ್ವೇಯರ್ ವಿಷಯದಲ್ಲಿ ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲೇ ಸ್ಪಷ್ಟ ಮಾತು ಹೇಳಿದೆ: ತನಗೆ ಬೇಕಾದ ವರದಿ ಸಿಗುವವರೆಗೆ ಒಬ್ಬರಾದ ಮೇಲೊಬ್ಬರನ್ನು ಕಳಿಸುತ್ತಾ ಹೋಗುವ ಅಧಿಕಾರ ಕಂಪನಿಗಿಲ್ಲ, ಮೊದಲ ವರದಿಯನ್ನು ಏಕೆ ಒಪ್ಪಲಿಲ್ಲ ಎಂಬುದಕ್ಕೆ ಸಕಾರಣ ಕೊಡಬೇಕು. ಅದೇ ವರ್ಷ ಪ್ರದೀಪ್ ಕುಮಾರ್ ಪ್ರಕರಣದಲ್ಲಿ, ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ, ಸಾಕ್ಷ್ಯವಿದ್ದರೆ ಅದನ್ನು ಬಿಟ್ಟು ನಡೆಯಬಹುದು ಎಂದೂ ಹೇಳಿತು. ಎರಡನ್ನೂ ಜೊತೆಗಿಟ್ಟು ಓದಿಕೊಳ್ಳಿ. ವರದಿಯ ಪ್ರತಿ ಕೇಳಿ ಪಡೆಯುವ ಹಕ್ಕು ನಿಮಗಿದೆ; ಮೊದಲು ಎರಡೂ ವರದಿಗಳನ್ನು ಲಿಖಿತವಾಗಿ ಕೇಳಿ ತರಿಸಿಕೊಳ್ಳಿ, ಎರಡನೆಯವರನ್ನು ನೇಮಿಸಲು ಕಾರಣವೇನೆಂದೂ ಅದೇ ಪತ್ರದಲ್ಲಿ ಕೇಳಿ.

ಕಾನೂನು ಹೀಗಿದ್ದರೂ ಫೀಸು ಕೊಡುವವರ ಕಡೆ ವಾಲುವ ಸರ್ವೇಯರ್‌ಗಳು ಇದ್ದಾರೆ. ಇಲ್ಲವೆಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ಪ್ರಶ್ನೆ: ನಾನು ಲೆಕ್ಕಪರಿಶೋಧಕಿ. ಯಂತ್ರಗಳ ಗಂಧಗಾಳಿ ಇಲ್ಲ. ಈ ಕ್ಷೇತ್ರದಲ್ಲಿ ನನ್ನಂಥವರಿಗೆ ಜಾಗವಿದೆಯೇ?
— ಎಸ್. ಪೈ, ಮಂಗಳೂರು

ಉತ್ತರ: ಒಳ್ಳೆಯ ಜಾಗವೇ ಇದೆ, ಕುಳಿತವರು ಕಡಿಮೆ. ಕಾರ್ಖಾನೆ ಸುಟ್ಟು ನಾಲ್ಕು ತಿಂಗಳು ನಿಂತರೆ ಆ ಅವಧಿಯಲ್ಲಿ ತಪ್ಪಿದ ಲಾಭ, ಕೆಲಸ ನಿಂತರೂ ನಿಲ್ಲದ ಸಂಬಳ, ಬಾಡಿಗೆಗಳಂಥ ಖರ್ಚು ಇವುಗಳನ್ನು ಲೆಕ್ಕ ಹಾಕುವ ಲಾಭನಷ್ಟ ವಿಭಾಗಕ್ಕೆ ಬೇಕಾದದ್ದು ನಿಮ್ಮ ವಿದ್ಯೆಯೇ. ದಾಸ್ತಾನಿನ ಕ್ಲೇಮುಗಳಲ್ಲೂ ಅರ್ಧ ಜಗಳ ಇರುವುದು ಲೆಕ್ಕದ ಪುಸ್ತಕದಲ್ಲಿ. ಎಂಜಿನಿಯರ್ ಸರ್ವೇಯರ್ ಒಬ್ಬರ ಜೊತೆ ಸೇರಿ ಕೆಲಸ ಶುರು ಮಾಡಿ. ಯಂತ್ರ ಅವರು ನೋಡಲಿ, ಖಾತೆ ನೀವು ನೋಡಿ.

ಪ್ರಶ್ನೆ: ಸಂಪಾದನೆ ಹೇಗಿರುತ್ತದೆ? ಮುಚ್ಚುಮರೆಯಿಲ್ಲದೆ ತಿಳಿಸಿ.
— ಹೆಸರು ಬೇಡ, ಕಲಬುರಗಿ

ಉತ್ತರ: ಮೊದಲ ಮೂರು ವರ್ಷ ಸಂಬಳದ ಕೆಲಸದಲ್ಲಿರುವ ಸ್ನೇಹಿತರ ಮುಂದೆ ಬಾಯಿ ಬಿಡುವಂತಿರುವುದಿಲ್ಲ. ಫೀಸು ನಷ್ಟದ ಮೊತ್ತಕ್ಕೆ ತಕ್ಕ ಹಾಗೆ ಇರುವುದರಿಂದ ಸಣ್ಣ ಮೋಟಾರು ಜಾಬಿನಲ್ಲಿ ಸಿಗುವುದು ಅಷ್ಟಕ್ಕಷ್ಟೇ. ಓಡಾಟ, ಫೋಟೊಗಳ ಖರ್ಚು ಬೇರೆಯಾಗಿ ಬರುತ್ತದೆ. ಕೈಗೆ ಬರುವಾಗ ಶೇ. 10 ಟಿಡಿಎಸ್ ಕಡಿತವಾಗಿರುತ್ತದೆ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಆ ದಿನ ಬಂದಾಗ ಸಂತೋಷಪಡಿ. ನಿಜವಾದ ಕಷ್ಟವಿರುವುದು ಬಿಲ್ಲು ಪಾಸಾಗುವುದರಲ್ಲಿ. ವರದಿ ಕೊಟ್ಟ ಮೇಲೆ ತಿಂಗಳುಗಟ್ಟಲೆ ಕಾಯಿಸುವ ಕಚೇರಿಗಳಿವೆ, ಪೆಟ್ರೋಲಿನ ಹಣವನ್ನು ಮಾತ್ರ ನೀವು ಅಂದೇ ಕೊಟ್ಟಿರುತ್ತೀರಿ. ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿರಲಿ, ಒಂದೇ ಕಂಪನಿಯನ್ನು ನಂಬಿ ಕೂರಬೇಡಿ, ಬಿಲ್ಲುಗಳಿಗೊಂದು ಪುಸ್ತಕ ಇಟ್ಟು ತಿಂಗಳಿಗೊಮ್ಮೆ ನೆನಪಿಸಿ. ಕೇಳಲು ಸಂಕೋಚಪಟ್ಟು ಹಣ ಬಿಟ್ಟವರನ್ನು ನಾನು ಬಲ್ಲೆ.

ಗ್ಯಾರೇಜಿನವರು ಕೈಗಿಡುವ ಹಣದ ಕವರಿನ ಬಗ್ಗೆಯೂ ನೀವು ಪತ್ರದಲ್ಲಿ ಕೇಳಿದ್ದೀರಿ. ತೆಗೆದುಕೊಂಡವರ ಹೆಸರು ಆ ಊರಿನ ಎಲ್ಲ ಗ್ಯಾರೇಜುಗಳಲ್ಲೂ ಒಂದು ವಾರದೊಳಗೆ ಗೊತ್ತಾಗಿರುತ್ತದೆ.

ಪ್ರಶ್ನೆ: ಮಗ ಹ್ಯೂಸ್ಟನ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಲ್ಲಿ ಚಂಡಮಾರುತದ ನಂತರ ಮನೆಗಳ ನಷ್ಟ ನೋಡುವ ಸ್ವತಂತ್ರ ಅಡ್ಜಸ್ಟರ್ ಕೆಲಸದಲ್ಲಿ ಒಳ್ಳೆಯ ಹಣವಿದೆಯಂತೆ. ಬಿಡುವಿನಲ್ಲಿ ಮಾಡಬಹುದೇ?
— ಎನ್. ಆರ್., ಮೈಸೂರು

ಉತ್ತರ: ಬೇಡವೆಂದು ಇವತ್ತೇ ಫೋನು ಮಾಡಿ ಹೇಳಿ. ಎಚ್-1ಬಿ ಇರುವವರು ಅರ್ಜಿ ಸಲ್ಲಿಸಿದ ಕಂಪನಿಯ ಕೆಲಸವನ್ನು ಮಾತ್ರ ಮಾಡಬೇಕು. ಸ್ವಂತವಾಗಿ ಗುತ್ತಿಗೆ ಕೆಲಸ ಹಿಡಿದರೆ ವೀಸಾಕ್ಕೇ ಕುತ್ತು. ಗ್ರೀನ್ ಕಾರ್ಡ್ ಬಂದ ಮೇಲೆ ಆಸಕ್ತಿ ಉಳಿದಿದ್ದರೆ ಟೆಕ್ಸಸ್ ರಾಜ್ಯದ ವಿಮಾ ಇಲಾಖೆಯ ಅಡ್ಜಸ್ಟರ್ ಲೈಸೆನ್ಸ್ ಪಡೆದು, ಮನೆ ದುರಸ್ತಿಯ ಅಂದಾಜು ಬರೆಯುವ ಎಕ್ಸಾಕ್ಟಿಮೇಟ್ ಎಂಬ ತಂತ್ರಾಂಶ ಕಲಿಯಲಿ. ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಚಂಡಮಾರುತ ಬಂದರೆ ವಾರಗಟ್ಟಲೆ ಮನೆ ಬಿಟ್ಟು ಏಣಿ ಹೊತ್ತು ಛಾವಣಿಗಳ ಮೇಲೆ ಓಡಾಟ, ಬಾರದ ವರ್ಷ ಆದಾಯವಿಲ್ಲ.

ಪ್ರಶ್ನೆ: ಈಗ ಮೊಬೈಲಿನಲ್ಲಿ ಫೋಟೊ ಕಳಿಸಿದರೆ ಕಂಪನಿಯ ಆ್ಯಪೇ ನಷ್ಟ ಹೇಳುತ್ತದೆ. ಹತ್ತು ವರ್ಷದ ನಂತರ ಸರ್ವೇಯರ್ ಇರುತ್ತಾರೆಯೇ?
— ಪಿ. ಎಚ್., ತುಮಕೂರು

ಉತ್ತರ: ಬಂಪರು, ಬಾಗಿಲು, ಕನ್ನಡಿಯ ಕ್ಲೇಮುಗಳು ಆ್ಯಪಿಗೆ ಹೋಗಿಯಾಗಿವೆ, ಇನ್ನಷ್ಟು ಹೋಗುತ್ತವೆ, 50,000ದೊಳಗಿನ ಮೋಟಾರು ಕ್ಲೇಮಿಗೆ ಲೈಸೆನ್ಸ್ ಇರುವ ಸರ್ವೇಯರ್ ಕಡ್ಡಾಯವೂ ಅಲ್ಲ. ಆದ್ದರಿಂದ ಮೋಟಾರು ಒಂದನ್ನೇ ಹಿಡಿದುಕೊಂಡು ಈಗ ವೃತ್ತಿಗೆ ಬರುವವರಿಗೆ ನಾನು ಎರಡನೆಯ ವಿಭಾಗ ಮಾಡಿಕೊಳ್ಳಿ ಎಂದೇ ಹೇಳುತ್ತೇನೆ. ಸುಟ್ಟ ಗೋದಾಮಿನ ಹಿಂದೆ ಹಳ್ಳವಿದೆ ಎಂಬುದು ಮಾಲೀಕರು ಕಳಿಸಿದ ಫೋಟೊದಲ್ಲಿ ಬರುವುದಿಲ್ಲ.

ಪ್ರಶ್ನೆ: ಸರ್ವೇಗೆ ಹೋಗುವಾಗ ನಿಮ್ಮ ಬ್ಯಾಗಿನಲ್ಲಿ ಏನೇನಿರುತ್ತದೆ? ಕುತೂಹಲಕ್ಕೆ ಕೇಳುತ್ತಿದ್ದೇನೆ.
— ಅಂತಿಮ ವರ್ಷದ ಬಿ.ಇ. ವಿದ್ಯಾರ್ಥಿನಿ, ಹಾಸನ

ಉತ್ತರ: ಟೇಪು, ಟಾರ್ಚು, ಗಮ್ ಬೂಟು, ಕೈಗವಸು, ಗೋಡೆಯ ಮೇಲೆ ಗುರುತು ಹಾಕಲು ಸೀಮೆಸುಣ್ಣ, ನೀರು ಬಿದ್ದರೂ ಅಳಿಸದಂತೆ ಪೆನ್ಸಿಲ್ಲು, ಎಣಿಕೆಯ ಹಾಳೆಗೆ ಇಂಕ್ ಪ್ಯಾಡು (ಸಹಿ ಬಾರದ ಹಮಾಲರೇ ಎಷ್ಟೋ ಸಲ ನಂಬಿಕಸ್ಥ ಸಾಕ್ಷಿಗಳು), ಕಾರಿನ ಬಾಡಿಯ ಮೇಲೆ ಪುಟ್ಟಿ ಮೆತ್ತಿದ್ದಾರೆಯೇ ನೋಡಲು ಒಂದು ಅಯಸ್ಕಾಂತ. ಇಷ್ಟು ಸದಾ ಇರುತ್ತದೆ. ಬಂದರಿನ ಸರಕು ನೋಡಲು ಹೋಗುವಾಗ ಸಿಲ್ವರ್ ನೈಟ್ರೇಟ್ ದ್ರಾವಣದ ಪುಟ್ಟ ಕಪ್ಪು ಸೀಸೆಯನ್ನೂ ಇಟ್ಟುಕೊಳ್ಳುತ್ತೇನೆ. ಒದ್ದೆಯಾದ ಮೂಟೆಯ ಮೇಲೆ ಎರಡು ಹನಿ ಬಿಟ್ಟಾಗ ಹಾಲು ಒಡೆದಂತೆ ಬೆಳ್ಳಗಾದರೆ ಅಲ್ಲಿ ಉಪ್ಪಿದೆ, ಸಮುದ್ರದ ನೀರು ತಾಗಿರಬೇಕು. ಬೆಳ್ಳಗಾಗದಿದ್ದರೆ ದಾರಿಯಲ್ಲಿ ಲಾರಿಯ ಟಾರ್ಪಾಲು ಎಲ್ಲಿ ಹರಿದಿತ್ತು ಎಂದು ಡ್ರೈವರನ್ನು ವಿಚಾರಿಸಬೇಕು. ಆ ಸೀಸೆಯ ಮುಚ್ಚಳ ಸಡಿಲವಾಗಿದ್ದು ಗೊತ್ತಾಗದೆ ನನ್ನ ಎರಡು ಬಿಳಿ ಷರ್ಟುಗಳು ಕಪ್ಪು ಕಲೆಯಾಗಿ ಹಾಳಾಗಿವೆ, ಬಟ್ಟೆಗೆ ತಾಗದಂತೆ ಜೋಪಾನ.